ರೇಡಾರ್ ಇರುವ ಸಣ್ಣ ಬೋಟಿನ ಮೇಲೆ ಕಯಾಕ್ ಎಲ್ಲಿ ಕಟ್ಟೋದು?

ತುಂಗೆ_ತೀರ

ನಮಸ್ಕಾರ. ಸಿಯಾಟಲ್ ಕಡೆ ಬೋಟು ಇಟ್ಟುಕೊಂಡ ಕನ್ನಡಿಗರು ಇಲ್ಲಿ ಕೆಲವರಾದರೂ ಇದ್ದೀರಿ ಅಂತ ಗೊತ್ತು. ರೇಡಾರ್ ತಿಳಿದವರು ಯಾವ ಊರಲ್ಲಿದ್ದರೂ ಸರಿ, ದಯವಿಟ್ಟು ಉತ್ತರಿಸಿ.

ನಮ್ಮದು ಸಿ-ಡೋರಿ ಕಂಪನಿಯ 22 ಅಡಿಯ ಬೋಟು, ಸೆಕೆಂಡ್ ಹ್ಯಾಂಡ್. ಎವರೆಟ್‌ನಲ್ಲಿ ಮನೆ ಪಕ್ಕ ಟ್ರೇಲರ್ ಮೇಲೆ ನಿಂತಿರುತ್ತದೆ, ಅನಕೋರ್ಟಿಸ್‌ಗೆ ಎಳೆದುಕೊಂಡು ಹೋಗಿ ನೀರಿಗೆ ಇಳಿಸುತ್ತೇವೆ. ಹಿಂದಿನ ಮಾಲೀಕರು ಕ್ಯಾಬಿನ್ ಚಾವಣಿಯ ಹಿಂಬದಿಯಲ್ಲಿ ಒಂದು ಗಿಡ್ಡ ಕಂಬ ನಿಲ್ಲಿಸಿ ರೇಡಾರ್ ಹಾಕಿಸಿದ್ದರು. 18 ಇಂಚಿನ ಬಿಳಿ ಡೋಮ್, ಮುಚ್ಚಿಟ್ಟ ಇಡ್ಲಿ ಪಾತ್ರೆ ತರಹ. ಅದರ ತಳ ಚಾವಣಿಯಿಂದ ಒಂದು ಅಡಿ ಮೇಲಿದೆ.

ಈಗ ನನ್ನ ಹೆಂಡತಿಗೆ ಕಯಾಕ್, ಅಂದರೆ ಹುಟ್ಟು ಹಾಕುವ ಕಿರಿದಾದ ದೋಣಿ, ಬೇಕಂತೆ. ಬೇಕಂತೆ ಏನು, ಬಂದೇ ಬಿಟ್ಟಿದೆ. ಗ್ಯಾರೇಜಿನಲ್ಲಿ ನನ್ನ ಕಾರಿನ ಜಾಗದಲ್ಲಿ ಮಲಗಿದೆ. 12 ಅಡಿ, ಗಟ್ಟಿ ಪ್ಲಾಸ್ಟಿಕ್ಕು, 25 ಕೆಜಿ. ಸುಸಿಯಾ ದ್ವೀಪದ ಕೊಲ್ಲಿಯಲ್ಲಿ ಲಂಗರು ಹಾಕಿ, ಉಪ್ಪುನೀರು ಕೊರೆದು ತೂತು ತೂತಾದ ಆ ಮರಳುಗಲ್ಲಿನ ಗೋಡೆಗಳ ಪಕ್ಕದಲ್ಲಿ ಹುಟ್ಟು ಹಾಕಬೇಕು ಅನ್ನೋದು ಅವಳ ಆಸೆ. ತೀರ್ಥಹಳ್ಳಿಯಲ್ಲಿ ದೋಣಿ ನೋಡುತ್ತಾ ಬೆಳೆದವಳು, ಬೇಡ ಅನ್ನೋಕೆ ನನಗೆ ಧೈರ್ಯ ಇಲ್ಲ.

ಆದರೆ ಸುಸಿಯಾಗೆ ಹೋಗಬೇಕಂದರೆ ರೊಸಾರಿಯೋ ಜಲಸಂಧಿ ದಾಟಬೇಕು. ಮಾರ್ಚ್ ಪಾಯಿಂಟ್, ಚೆರ್ರಿ ಪಾಯಿಂಟ್ ರಿಫೈನರಿಗಳಿಗೆ ಹೋಗುವ ಟ್ಯಾಂಕರ್‌ಗಳ ದಾರಿ ಅದು. ಜೊತೆಗೆ ಅನಕೋರ್ಟಿಸ್‌ನ ಫೆರಿಗಳು. ಆಗಸ್ಟ್ ಬೆಳಗ್ಗೆ ಮಂಜು ಕವಿದರೆ ನಮ್ಮ ಬೋಟಿನ ಮೂತಿಯೇ ಮಸುಕು. ಆಗ ನಾನು ನೆಚ್ಚಿಕೊಳ್ಳುವುದು ಆ ಡೋಮ್ ಒಂದನ್ನೇ.

ಚಾವಣಿ ಮೇಲೆ ಅಲ್ಯೂಮಿನಿಯಂ ಅಡ್ಡಪಟ್ಟಿ ಹಾಕಿ ಕಯಾಕ್ ಉದ್ದಕ್ಕೆ ಮಲಗಿಸಿದರೆ ಅದರ ಮುಂಭಾಗ ಡೋಮಿನ ಮುಂದೆ ಸುಮಾರು ಎರಡೂವರೆ ಮೀಟರ್ ಚಾಚುತ್ತದೆ. ರೇಡಾರಿಗೆ ಮುಂದಿನದು ಕಾಣುತ್ತದಾ? ಬದಿಯ ಕಂಬಿಗೆ ಕಟ್ಟಿದರೆ? ಭಾವಮೈದ ಫೋನಿನಲ್ಲಿ ಹೇಳಿದ ಪರಿಹಾರ: "ಹಗ್ಗ ಕಟ್ಟಿ ಹಿಂದೆ ಎಳ್ಕೊಂಡು ಹೋಗಿ ಭಾವ, ಅದಕ್ಕೇನು." ಅವನು ಇರೋದು ಹಾಸನದಲ್ಲಿ.

ಉಪ್ಪುನೀರು

ಬೆಲ್ಲಿಂಗ್‌ಹ್ಯಾಮ್‌ನಿಂದ ಬರೀತಿದೀನಿ. ನಮ್ಮದೂ ಇದೇ ಅಳತೆಯ ಬೋಟು, ಇದೇ ದಾರಿ. ನಿಮ್ಮ ಮನೆಯವರ ಪಕ್ಷ ನನ್ನದು, ಮೊದಲೇ ಹೇಳಿಬಿಡ್ತೀನಿ.

ರೇಡಾರ್ ಬಗ್ಗೆ ತಿಳಿದವರು ಹೇಳಲಿ. ನೀವು ಕೇಳದೇ ಇರೋದನ್ನ ನಾನು ಹೇಳ್ತೀನಿ. ನಿಮ್ಮ ಬಿಳಿ ದೀಪ ಎಲ್ಲಿದೆ? 12 ಮೀಟರ್‌ಗಿಂತ ಚಿಕ್ಕ ಬೋಟುಗಳಲ್ಲಿ ಸಾಮಾನ್ಯವಾಗಿ ಸುತ್ತಲೂ ಕಾಣುವ ಒಂದೇ ಬಿಳಿ ದೀಪ ಚಾವಣಿ ಮೇಲೆ ಕೋಲಿನ ತುದಿಯಲ್ಲಿರುತ್ತದೆ. ಆ ದೀಪಕ್ಕೆ 6 ಡಿಗ್ರಿಗಿಂತ ಜಾಸ್ತಿ ಮರೆ ಬರಬಾರದು, ಬದಿಗಳ ಕೆಂಪು ಹಸಿರು ದೀಪಗಳಿಗಿಂತ ಅದು ಕನಿಷ್ಠ 1 ಮೀಟರ್ ಮೇಲಿರಬೇಕು ಅನ್ನೋದು ಅಂತರರಾಷ್ಟ್ರೀಯ ನಿಯಮ. ಅದೇ ನಿಯಮ ಇಲ್ಲಿಯ ನೀರಿಗೂ ಅನ್ವಯಿಸುತ್ತದೆ. ಚಾವಣಿ ಮೇಲೆ ಕಯಾಕ್ ಬಂತು ಅಂದರೆ ಒಂದು ಕಡೆಯ ಹಡಗಿಗೆ ನಿಮ್ಮ ದೀಪವೇ ಇಲ್ಲ. ರೇಡಾರ್ ಪ್ಲಾಸ್ಟಿಕ್ಕನ್ನು ದಾಟಿ ನೋಡಬಹುದೇನೋ, ಬೆಳಕು ದಾಟಲ್ಲ. ರಾತ್ರಿ ಬೋಟ್ ಓಡಿಸಲ್ಲ ಅಂತೀರಾ? ಮಂಜಿನಲ್ಲಿ ಹಗಲು ಹೊತ್ತೂ ಆ ದೀಪ ಉರಿಯಲೇಬೇಕು.

ಎರಡನೇದು, ಅದನ್ನ ಇಳಿಸೋದು ಯಾರು? ಮನೆ ಮುಂದೆ ಟ್ರೇಲರ್ ಮೇಲೆ ನಿಂತ ಬೋಟಿಗೆ ಇಬ್ಬರು ಸೇರಿ ಏರಿಸೋದು ಸುಲಭ. ಕೊಲ್ಲಿಯಲ್ಲಿ ಲಂಗರು ಹಾಕಿದಾಗ ಯಾವುದೋ ದೊಡ್ಡ ಬೋಟಿನ ಅಲೆ ಬಂದು ನಿಮ್ಮ ಬೋಟು ತೂಗಾಡುತ್ತಿರುತ್ತದೆ, ನೀವು ಬದಿಯ ಒಂದು ಗೇಣು ಜಾಗದಲ್ಲಿ ನಿಂತು 25 ಕೆಜಿಯನ್ನು ತಲೆ ಮೇಲಿಂದ ಇಳಿಸಬೇಕು. ಇಲ್ಲಿಯ ನೀರು ಬೇಸಿಗೆಯಲ್ಲೂ ಸುಮಾರು 10 ಡಿಗ್ರಿ ಸೆಲ್ಸಿಯಸ್. ಬಿದ್ದರೆ ಮೊದಲ ನಿಮಿಷ ಉಸಿರೇ ಕೈಗೆ ಸಿಗಲ್ಲ. ಹಾಗಾಗಿ ಲೈಫ್ ಜಾಕೆಟ್ ಹಾಕಿಕೊಂಡೇ ಈ ಕೆಲಸ ಮಾಡಿ. ಕಯಾಕ್‌ನಲ್ಲಿ ಕೂರುವವರಿಗಿಂತ ಅದನ್ನು ಇಳಿಸುವವರಿಗೇ ಜಾಕೆಟ್ ಹೆಚ್ಚು ಬೇಕು ಅಂತ ನನ್ನ ಅಭಿಪ್ರಾಯ.

ನಾವು ಈಗ ಕಯಾಕನ್ನು ಬದಿಯ ಕಂಬಿಗೆ, ಹೊರಗಡೆ, ಅದರ ಅಂಚಿನ ಮೇಲೆ ನಿಲ್ಲಿಸಿ ಕಟ್ಟುತ್ತೇವೆ. ಮೀನಿನ ಗಾಳದ ಕೋಲು ಸಿಕ್ಕಿಸುವ ತೂತಿಗೇ ಕೂರುವ ಕಯಾಕ್ ಹಿಡಿಕೆಗಳು ಸಿಗುತ್ತವೆ. ರೇಡಾರಿಗೂ ದೀಪಕ್ಕೂ ಅಡ್ಡ ಬರಲ್ಲ, ತೂಕವೂ ಕೆಳಗೇ ಉಳಿಯುತ್ತದೆ. ತೊಂದರೆ ಇಲ್ಲ ಅಂತಲ್ಲ. ಮರೀನಾದಲ್ಲಿ ಒಂದೇ ಬದಿ ತಾಗಿಸಿ ಕಟ್ಟಬೇಕು, ಆಚೆ ಬದಿಗೆ ಯಾರಾದರೂ ಬಂದರೆ ಮುಖ ಗಂಟಿಕ್ಕುತ್ತಾರೆ. ಅಡ್ಡಗಾಳಿಗೆ ನಿಧಾನದ ವೇಗದಲ್ಲಿ ಮೂತಿ ತಿರುಗಿಬಿಡುತ್ತದೆ. ಬದಿಯ ಹಸಿರು ಇಲ್ಲವೇ ಕೆಂಪು ದೀಪಕ್ಕೆ ಮರೆಯಾಗದಂತೆ ಹಿಂದೆ ಸರಿಸಿ ಕಟ್ಟಿ.

ಜಾಲಹಳ್ಳಿ_ಕ್ರಾಸ್

ರೇಡಾರ್ ಕೆಲಸದಲ್ಲೇ ತಲೆ ನರೆತದ್ದು, ಈಗ ನಿವೃತ್ತ. ಬೋಟು ನನ್ನದಲ್ಲ, ಬೆಂಗಳೂರಿನಲ್ಲಿ ಇಡೋಕೆ ಕೆರೆಯೂ ಉಳಿದಿಲ್ಲ. ಲೆಕ್ಕ ಮಾತ್ರ ಹೇಳ್ತೀನಿ.

ಮೊದಲು ಭಯ ಬಿಡಿ. ನಿಮ್ಮ ರೇಡಾರ್ ಸುಮಾರು 9.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತದೆ, ಅಲೆಯ ಉದ್ದ 3 ಸೆಂಟಿಮೀಟರ್ ಚಿಲ್ಲರೆ. ಕೆಲವೇ ಮಿಲಿಮೀಟರ್ ದಪ್ಪದ ಒಣ ಪಾಲಿಥಿನ್ ಅದಕ್ಕೆ ದೊಡ್ಡ ಅಡ್ಡಿ ಅಲ್ಲ. ಡೋಮಿನ ಮುಚ್ಚಳವೂ ಒಂಥರಾ ಪ್ಲಾಸ್ಟಿಕ್ಕೇ ಅಲ್ವಾ? ಫೈಬರ್‌ಗ್ಲಾಸ್ ಕಯಾಕ್ ಆದರೂ ಹೆಚ್ಚು ಕಡಿಮೆ ಇದೇ ಮಾತು. ಕಾರ್ಬನ್ ಫೈಬರ್ ಆಗಿದ್ದರೆ ಕಥೆ ಬೇರೆ. ಅದು ವಿದ್ಯುತ್ ಹರಿಸುವ ವಸ್ತು, ರೇಡಾರಿಗೆ ಲೋಹದ ಗೋಡೆ ಇದ್ದಂತೆ.

ಆದರೆ ಪ್ಲಾಸ್ಟಿಕ್ ಅಂತ ಪೂರ್ತಿ ಸುಮ್ನಿರೋ ಹಾಗಿಲ್ಲ. ರೇಡಾರ್ ಅಲೆ ಕಯಾಕನ್ನು ಅಡ್ಡಲಾಗಿ ದಾಟಿದರೆ ಎರಡು ತೆಳು ಗೋಡೆ, ಅಷ್ಟೇ. ಉದ್ದಕ್ಕೆ, ಮೈ ಸವರಿಕೊಂಡು ಹೋದರೆ ಪ್ಲಾಸ್ಟಿಕ್ಕೂ ಅದನ್ನು ಚೆನ್ನಾಗಿ ಪ್ರತಿಫಲಿಸುತ್ತದೆ. ನೀವು ಹೇಳಿದ ಜೋಡಣೆ ನೇರ ಮುಂದಿನ ದಿಕ್ಕಿಗೆ ಇದನ್ನೇ ಮಾಡುತ್ತದೆ. ನಿಮಗೆ ಅತಿ ಮುಖ್ಯವಾದ ದಿಕ್ಕೂ ಅದೇ.

ಈಗ ಎತ್ತರ. ಈ ಅಳತೆಯ ಡೋಮ್‌ಗಳ ಕಿರಣ ಮೇಲೆ ಕೆಳಗೆ ಸೇರಿ ಸಾಮಾನ್ಯವಾಗಿ 20ರಿಂದ 25 ಡಿಗ್ರಿ ಹರಡಿರುತ್ತದೆ. ನಿಮ್ಮದು ಎಷ್ಟು ಅಂತ ಕೈಪಿಡಿಯಲ್ಲಿ ಇರುತ್ತದೆ. 25 ಅಂತ ಇಟ್ಟುಕೊಳ್ಳೋಣ. ಸಮತಲದಿಂದ ಕೆಳಕ್ಕೆ ಹನ್ನೆರಡೂವರೆ ಡಿಗ್ರಿ ಆಯಿತು. ಎರಡೂವರೆ ಮೀಟರ್ ದೂರದಲ್ಲಿ ಅದು 55 ಸೆಂಟಿಮೀಟರ್ ಇಳಿದಿರುತ್ತದೆ. ಅಂದರೆ ಕಯಾಕಿನ ಮುಂದಿನ ತುದಿಗಿಂತ ಡೋಮಿನ ನಡುಭಾಗ ಅಷ್ಟು ಮೇಲಿದ್ದರೆ ಮುಖ್ಯ ಕಿರಣ ತಪ್ಪಿಸಿಕೊಳ್ಳುತ್ತದೆ. ಹತ್ತಿರದ ಭಾಗಗಳಿಗೆ ಇಷ್ಟು ಎತ್ತರವೂ ಬೇಡ. ಅಡ್ಡಪಟ್ಟಿಗೆ 15 ಸೆಂಮೀ, ಕಯಾಕಿಗೆ 35 ಅಂತ ಹಿಡಿದರೆ ಕಯಾಕಿನ ಬೆನ್ನು ಚಾವಣಿಯಿಂದ ಅರ್ಧ ಮೀಟರ್ ಮೇಲೆ. ಡೋಮಿನ ನಡುಭಾಗ ಈಗ ಇರೋದು 40 ಚಿಲ್ಲರೆ ಸೆಂಮೀ ಎತ್ತರದಲ್ಲಿ. ಚಾವಣಿಯೇ ಬೇಕು ಅಂದರೆ ಕಂಬವನ್ನು ಇನ್ನೂ ಎರಡು ಅಡಿ ಎತ್ತರಿಸಿ.

ವೇಗದಲ್ಲಿ ಹೋಗುವಾಗ ಬೋಟು ಮೂತಿ ಎತ್ತುತ್ತದೆ ಅಂತ ಕೆಲವರು ಡೋಮಿನ ಕೆಳಗೆ ಬೆಣೆ ಕೊಟ್ಟು ಅದನ್ನು ಮುಂದಕ್ಕೆ ಬಾಗಿಸಿರುತ್ತಾರೆ. ನಿಮ್ಮದರಲ್ಲಿ ಬೆಣೆ ಇದೆಯಾ ನೋಡಿ. ಇದ್ದರೆ ಕಿರಣ ಅಷ್ಟು ಡಿಗ್ರಿ ಇನ್ನೂ ಕೆಳಕ್ಕೆ, ಸೀದಾ ಕಯಾಕಿನ ಮೇಲೆ ಬೀಳುತ್ತದೆ. ಮೇಲಿನ ಲೆಕ್ಕ ಪೂರ್ತಿ ಬದಲಾಗುತ್ತದೆ.

ನಿಜವಾದ ಉಪದ್ರವ ಕಯಾಕ್ ಅಲ್ಲ, ಅದರ ಸುತ್ತಲಿನ ಸಾಮಾನು. ಅಲ್ಯೂಮಿನಿಯಂ ದಂಡದ ಹುಟ್ಟು, ಒಳಗೆ ಸುರುಟಿಟ್ಟ ಒದ್ದೆ ಹಗ್ಗ, ಬೆಳ್ಳಿ ಹಾಳೆಯ ಚೀಲ, ತಳದಲ್ಲಿ ನಿಂತ ಉಪ್ಪುನೀರು. ಇವೆಲ್ಲ ಅಲೆಯನ್ನು ತಡೆಯುತ್ತವೆ, ಇಲ್ಲವೇ ಬೇರೆ ಕಡೆಗೆ ತಿರುಗಿಸುತ್ತವೆ. ಬಲಕ್ಕಿರುವ ಫೆರಿ ಮುಂದೆಯೂ ಇದೆ ಅಂತ ಪರದೆ ಸುಳ್ಳು ಹೇಳೋದು ಹೀಗೆ. ಲೋಹದ ಪಟ್ಟಿ ಡೋಮಿನ ಮಟ್ಟಕ್ಕೆ ಬರಲೇಬಾರದು.

ಇನ್ನೊಂದು ಮಾತು. ಕಯಾಕ್ ಏರಿಸಿ ಇಳಿಸುವಾಗ ರೇಡಾರನ್ನು ಸ್ಟ್ಯಾಂಡ್‌ಬೈಗೆ (ಅಲೆ ಬಿಡದೆ ಸುಮ್ಮನಿರುವ ಸ್ಥಿತಿಗೆ) ಹಾಕಿ. ಚಾಲೂ ಇರುವ ಡೋಮಿನ ಪಕ್ಕಕ್ಕೆ ಮುಖ ತರಬೇಡಿ. ಸಣ್ಣ ಡೋಮ್‌ಗಳ ಶಕ್ತಿ ಕಡಿಮೆ, ನಿಜ. ಆದರೂ ಕೈಪಿಡಿಯಲ್ಲಿ ಸುರಕ್ಷಿತ ದೂರ ಅಂತ ಬರೆದಿರೋದು ಓದೋಕೇ.

ಕಡಲ_ಕರೆ

ಮಾರಾಯ್ರೆ, ಆ ಹಾಸನದ ಭಾವಮೈದನ ಮಾತು ಮಾತ್ರ ಕೇಳಬೇಡಿ.

ನಾನು ಉಡುಪಿ ಕಡೆಯವ, ಸಾಲಿಗ್ರಾಮದ ಪಾರಂಪಳ್ಳಿ ಹಿನ್ನೀರಿನಲ್ಲಿ ಕಯಾಕ್ ಓಡಿಸುವುದುಂಟು. ಕಾಂಡ್ಲಾ ಮರಗಳ ನಡುವೆ, ನಿಧಾನಕ್ಕೆ, ಒಂದು ಕಯಾಕ್ ಇನ್ನೊಂದನ್ನು ಎಳೆದರೆ ಏನೂ ಆಗುವುದಿಲ್ಲ. ಮೋಟಾರು ಬೋಟಿನ ಹಿಂದೆ ಹಾಗಲ್ಲ. ಸ್ವಲ್ಪ ವೇಗ ಏರಿದ ಕೂಡಲೇ ಖಾಲಿ ಕಯಾಕ್ ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿ ಮಗುಚುತ್ತದೆ. ನೀರು ತುಂಬಿದರೆ ಮುಗಿಯಿತು, ಬೋಟಿಗೇ ಲಂಗರು ಹಾಕಿದ ಹಾಗೆ. ನೀವು ವೇಗ ಇಳಿಸಿದರೆ ಹಗ್ಗ ಸಡಿಲ ಬಿದ್ದು ಪ್ರೊಪೆಲ್ಲರಿಗೆ ಸುತ್ತಿಕೊಳ್ಳುತ್ತದೆ. ಟ್ಯಾಂಕರ್ ಬರುವ ದಾರಿಯಲ್ಲಿ, ಮಂಜಿನಲ್ಲಿ, ಎಂಜಿನ್ ನಿಂತರೆ? ಎಳೆಯಲೇಬೇಕು ಅಂದರೆ ಕೊಲ್ಲಿಯ ಒಳಗೆ ಮಾತ್ರ, ತೇಲುವ ಹಗ್ಗದಲ್ಲಿ, ನಡೆದು ಹೋಗುವಷ್ಟು ವೇಗದಲ್ಲಿ.

ಮತ್ತೊಂದು. ನೀವೆಲ್ಲ ಬೋಟಿನ ರೇಡಾರಿನ ಚಿಂತೆಯಲ್ಲಿದ್ದೀರಿ. ಅಕ್ಕ ಕಯಾಕಿಗೆ ಇಳಿದ ಮೇಲೆ ಅವರನ್ನು ಯಾವ ರೇಡಾರು ನೋಡುತ್ತದೆ? ಜಾಲಹಳ್ಳಿ ಸಾರ್ ಹೇಳಿದ್ದು ಅದೇ ಅಲ್ವಾ, ಪ್ಲಾಸ್ಟಿಕ್ ಅಡ್ಡಿ ಮಾಡುವುದಿಲ್ಲ ಅಂತ. ಅಡ್ಡಿ ಮಾಡದ್ದು ಪರದೆಯಲ್ಲಿ ಕಾಣುವುದೂ ಇಲ್ಲ. ನೀರಿನ ಮಟ್ಟದಲ್ಲೇ ಕೂತ ಒಬ್ಬರು, ಸಮುದ್ರದ ಅಲೆಗಳು ಪರದೆಯಲ್ಲಿ ಮೂಡಿಸುವ ಚುಕ್ಕಿಗಳಲ್ಲೇ ಮಾಯ. ಮಂಜಿದ್ದರೆ ಕಯಾಕ್ ಇಳಿಸುವುದೇ ಬೇಡ. ಮಂಜಿಲ್ಲದಿದ್ದರೂ ಕೊಲ್ಲಿ ಬಿಟ್ಟು ಹೊರಗೆ ಹೋಗುವುದಾದರೆ ಅವರ ಜಾಕೆಟ್ಟಿಗೆ ಒಂದು ಸೀಟಿ, ಕೈಯಲ್ಲಿ ಹಿಡಿಯುವ ಒಂದು ವಿಎಚ್‌ಎಫ್ ರೇಡಿಯೋ.

ತುಂಗೆ_ತೀರ

ಎಲ್ಲರಿಗೂ ಧನ್ಯವಾದ. ಬೆಣೆ ಇದೆ! ಇವತ್ತು ಸಂಜೆ ಏಣಿ ಹಾಕಿ ಹತ್ತಿ ನೋಡಿದೆ. ಹಾಗಾಗಿ ಚಾವಣಿ ಯೋಚನೆ ಬಿಟ್ಟೆ. ಎರಡು ಅಡಿ ಕಂಬ ಎತ್ತರಿಸಿದರೆ ಟ್ರೇಲರ್ ಮೇಲೆ ಒಟ್ಟು ಎತ್ತರವೂ ಜಾಸ್ತಿ ಆಗುತ್ತದೆ, ಪ್ರತಿ ಸಲ ಕಂಬ ಮಡಚುವ ರಗಳೆ ಬೇರೆ.

ಉಪ್ಪುನೀರು ಅಕ್ಕ ಹೇಳಿದಂತೆ ಬದಿಗೇ ಕಟ್ಟುತ್ತೇನೆ, ಎಡಬದಿಗೆ. ಬಲಕ್ಕೆ ಕೂತು ಓಡಿಸುವ ನನಗೆ ಬಲಬದಿಯ ಕಿಟಕಿಯ ನೋಟ ತಪ್ಪಬಾರದು. ಒಂದೇ ಅನುಮಾನ ಉಳಿದಿದೆ. ಬದಿಗೆ ಕಟ್ಟಿದ ಮೇಲೆ ರೇಡಾರಿಗೆ ನಿಜವಾಗಿ ಏನೂ ಆಗಿಲ್ಲ ಅಂತ ಪರೀಕ್ಷೆ ಮಾಡೋದು ಹೇಗೆ?

ಜಾಲಹಳ್ಳಿ_ಕ್ರಾಸ್

ಬಿಸಿಲಿನ ದಿನ, ಕಣ್ಣಿಗೆ ಎಲ್ಲ ಕಾಣುವಾಗ ಮಾಡಿ. ಅರ್ಧ ಮೈಲಿ ದೂರದ ಒಂದು ಬೋಯಾ (ನೀರಿನಲ್ಲಿ ತೇಲುವ ಗುರುತು) ಆರಿಸಿಕೊಳ್ಳಿ. ಗೇನ್ (ರೇಡಾರಿನ ಸೂಕ್ಷ್ಮತೆ) ಅನ್ನು ಆಟೋದಿಂದ ತೆಗೆದು ಕೈಯಲ್ಲೇ ಒಂದು ಮಟ್ಟಕ್ಕೆ ಇಡಿ, ಇಲ್ಲದಿದ್ದರೆ ಅದು ತಾನೇ ಸರಿಮಾಡಿಕೊಂಡು ನಿಮಗೆ ಮೋಸ ಮಾಡುತ್ತದೆ. ಬೋಟನ್ನು ನಿಧಾನಕ್ಕೆ ಒಂದು ಪೂರ್ತಿ ಸುತ್ತು ತಿರುಗಿಸಿ. ಬೋಯಾದ ಗುರುತು ಯಾವ ದಿಕ್ಕಿಗೆ ಬಂದಾಗ ಮಂಕಾಗುತ್ತದೋ ಬರೆದಿಡಿ. ಮೊದಲು ಕಯಾಕ್ ಇಲ್ಲದೆ, ಆಮೇಲೆ ಕಟ್ಟಿಕೊಂಡು. ಸಣ್ಣ ಅಲೆಗಳಿದ್ದರೆ ಇನ್ನೂ ಸುಲಭ. ಬೋಟಿನ ಸುತ್ತ ಅಲೆಗಳ ಚುಕ್ಕಿ ಹರಡಿರುತ್ತದೆ, ಅದರಲ್ಲಿ ಒಂದು ಕಪ್ಪು ತ್ರಿಕೋನ ಕಂಡರೆ ಅಲ್ಲಿ ಏನೋ ಅಡ್ಡ ಇದೆ ಅಂತ ಅರ್ಥ. ಹಡಗಿನವರು ಬಹಳ ಕಾಲದಿಂದ ಮರೆ ಇರುವ ದಿಕ್ಕು ಹುಡುಕೋದು ಹೀಗೇ.

ಉಪ್ಪುನೀರು

ಪರೀಕ್ಷೆಗೆ ಹೋಗುವಾಗ ಮನೆಯವರನ್ನೂ ಕರ್ಕೊಂಡು ಹೋಗಿ, ಬರೆದುಕೊಳ್ಳೋಕೆ ಒಬ್ಬರು ಬೇಕು. ದಾರಿಯಲ್ಲಿ ಓರ್ಕಾ ತಿಮಿಂಗಿಲ ಕಂಡರೆ ಖುಷಿಯಲ್ಲಿ ಹತ್ತಿರ ಹೋಗಬೇಡಿ. 2025ರ ಜನವರಿಯಿಂದ ವಾಷಿಂಗ್ಟನ್ ರಾಜ್ಯದಲ್ಲಿ ಇಲ್ಲಿಯ ಸದರ್ನ್ ರೆಸಿಡೆಂಟ್ ಅನ್ನೋ ಗುಂಪಿನ ಓರ್ಕಾಗಳಿಂದ 1,000 ಗಜ ದೂರ ಇರಬೇಕು. ಕಯಾಕಿಗೂ ಅದೇ ನಿಯಮ. ಮತ್ತೆ ಆ ಹಿಡಿಕೆ ಕೊಳ್ಳುವ ಮುಂಚೆ ನಿಮ್ಮ ಗಾಳದ ತೂತುಗಳ ಕೆಳಗೆ ಗಟ್ಟಿಯಾಗಿ ನಿಲ್ಲೋಕೆ ಏನು ಕೊಟ್ಟಿದ್ದಾರೆ ಅಂತ ಕೈ ಹಾಕಿ ನೋಡಿ. ಬರೀ ಸ್ಕ್ರೂ ಇದ್ದರೆ ಹಿಂದೆ ಪಟ್ಟಿ ಕೊಟ್ಟು ಬೋಲ್ಟ್ ಹಾಕಿಸಿ.