ಕಾರಿನ ಮುಂದಿನ ಗ್ಲಾಸ್ ಸೀಳಿದೆ: ಕ್ಲೈಮ್ ಮಾಡೋದಾ, ಕೈಯಿಂದ ಹಾಕಿಸೋದಾ?

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ನಮಸ್ಕಾರ. ಮನೆ ತೀರ್ಥಹಳ್ಳಿ, ಕೆಲಸ ಶಿವಮೊಗ್ಗದ ಒಂದು ಶಾಲೆಯಲ್ಲಿ. ದಿನಾ ಮಂಡಗದ್ದೆ, ಗಾಜನೂರು ಮೇಲೆ ಸ್ವಿಫ್ಟ್‌ನಲ್ಲಿ ಓಡಾಟ. ಹೋದ ವಾರ ಮುಂದೆ ಜಲ್ಲಿ ಟಿಪ್ಪರ್ ಇತ್ತು, ಮೇಲೆ ಟಾರ್ಪಾಲ್ ಕಟ್ಟಿರಲಿಲ್ಲ. ಕಲ್ಲೊಂದು ಹಾರಿ ಗ್ಲಾಸಿಗೆ ಬಡಿಯಿತು. ಆಗ ಕಡಲೆಕಾಳಿನಷ್ಟು ಗುರುತು ಮಾತ್ರ. ಆಮೇಲೆ ಒಂದು ಬೆಳಿಗ್ಗೆ ಗ್ಲಾಸಿನ ಮಬ್ಬು ಹೋಗಲಿ ಅಂತ ಬಿಸಿ ಗಾಳಿ ಹಾಕಿದಾಗ ಕಣ್ಣೆದುರೇ ಗೆರೆ ಓಡಿತು. ಈಗ ಡ್ರೈವರ್ ಕಡೆಯ ಅಂಚಿನಿಂದ ಗೇಣುದ್ದ ಸೀಳಿದೆ.

ಶೋರೂಮ್‌ನಲ್ಲಿ ಗ್ಲಾಸ್, ಅಂಟು, ಮಜೂರಿ, ಜಿಎಸ್‌ಟಿ ಎಲ್ಲ ಸೇರಿ 11,200 ಹೇಳಿದ್ದಾರೆ. ಹೊರಗಡೆ ಗ್ಲಾಸ್ ಅಂಗಡಿಯಲ್ಲಿ 7,000. ನನ್ನದು ಫುಲ್ ಇನ್ಶೂರೆನ್ಸ್. ಇಲ್ಲಿವರೆಗೆ ಕ್ಲೈಮ್ ಮಾಡಿಲ್ಲ, ಎನ್‌ಸಿಬಿ (ಕ್ಲೈಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ಬೋನಸ್ ರಿಯಾಯಿತಿ) 45% ಇದೆ.

ಏಜೆಂಟರು ಹೇಳಿದ್ದು: "ಬಂಪರ್ ಟು ಬಂಪರ್ ತಗೊಂಡಿದ್ರೆ ಗ್ಲಾಸ್ ಪೂರ್ತಿ ಸಿಗ್ತಿತ್ತು, ಮುಂದಿನ ವರ್ಷ ಸೇರಿಸೋಣ." ಫ್ಲೋರಿಡಾದಲ್ಲಿರುವ ಭಾವ ಫೋನ್ ಮಾಡಿದಾಗ, ಅಲ್ಲಿ ಕಾಂಪ್ರಹೆನ್ಸಿವ್ ಪಾಲಿಸಿ ಇದ್ದರೆ ಮುಂದಿನ ಗ್ಲಾಸಿಗೆ ನಮ್ಮ ಪಾಲಿನ ದುಡ್ಡು ಕಟ್ಟೋದೇ ಬೇಡ, ಕಾನೂನೇ ಹಾಗಿದೆ ಅಂದರು. ನಮ್ಮಲ್ಲಿ ಹೇಗೆ? ಗ್ಲಾಸಿಗೆ ಅಂತ ಮುಂದಿನ ವರ್ಷ ಜಾಸ್ತಿ ಪ್ರೀಮಿಯಂ ಕಟ್ಟೋದು ಸಾರ್ಥಕವಾ?

ಸಾಗರದವ

ಕ್ಲೈಮ್ ಮಾಡಿ ಮೇಡಂ. ವರ್ಷಾ ವರ್ಷಾ ಕಟ್ಟಿದ ದುಡ್ಡು ಇಂಥದ್ದಕ್ಕೇ ಅಲ್ವಾ?

ನಿವೃತ್ತ ವಿಮೆ ನೌಕರ, ಶಿವಮೊಗ್ಗ

ಟೀಚರ್ ಅವರೇ, ದಯವಿಟ್ಟು ಇವತ್ತೇ ಕ್ಲೈಮ್ ಹಾಕಬೇಡಿ. ಲೆಕ್ಕ ಬರೆದು ನೋಡಿ ಆಮೇಲೆ ತೀರ್ಮಾನ ಮಾಡಿ. ಇದೇ ಕೆಲಸದಲ್ಲಿ ನನ್ನ ಸರ್ವಿಸ್ ಮುಗಿದಿದೆ. ಸಣ್ಣ ಗ್ಲಾಸ್ ಬಿಲ್ಲಿಗೆ ದೊಡ್ಡ ಬೋನಸ್ ಕಳ್ಕೊಂಡವರನ್ನು ನೋಡಿ ಬೇಜಾರಾಗಿದೆ.

ಮೊದಲು ಏಜೆಂಟರ ಮಾತು. ಅದು ಸರಿಯಲ್ಲ. ಸಾಮಾನ್ಯ ಫುಲ್ ಪಾಲಿಸಿಯಲ್ಲೇ ಗಾಜಿಗೆ ಸವಕಳಿ, ಅಂದರೆ ಹಳೆಯದಾಯಿತು ಅಂತ ಬೆಲೆಯಲ್ಲಿ ಮಾಡುವ ಕಡಿತ, ಇಲ್ಲ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೆ 50% ಕಡಿತ. ಫೈಬರ್‌ಗ್ಲಾಸ್ ಭಾಗಕ್ಕೆ 30%. ಗಾಜಿಗೆ ಸೊನ್ನೆ. ಗಾಡಿ ಎಷ್ಟೇ ಹಳೆಯದಿರಲಿ, ಗಾಜಿನ ಬೆಲೆಯಲ್ಲಿ ಸವಕಳಿ ಅಂತ ಕಡಿಯುವ ಹಾಗಿಲ್ಲ. ಬಂಪರ್ ಟು ಬಂಪರ್ ಅನ್ನೋದು ಸವಕಳಿ ಕಡಿತ ತಪ್ಪಿಸುವ ಕವರ್. ಬಂಪರ್ ಒಡೆದರೆ, ಬಾಗಿಲು ನುಗ್ಗಾದರೆ ಅದು ಬಹಳ ಉಪಯೋಗ. ಬರೀ ಗ್ಲಾಸಿಗಾಗಿ ಅದನ್ನು ತಗೊಳ್ಳೋದು ಸುಮ್ನೆ ಖರ್ಚು. ಥರ್ಡ್ ಪಾರ್ಟಿ ಮಾತ್ರ ಇರುವವರಿಗೆ ಗ್ಲಾಸಿಗೆ ಏನೂ ಸಿಗುವುದಿಲ್ಲ, ಅದು ಬೇರೆ ಮಾತು.

ಹಾಗಂತ ಕ್ಲೈಮ್ ಮಾಡಿದರೆ 11,200 ಪೂರ್ತಿ ಬರುತ್ತದಾ? ಇಲ್ಲ. 1500 ಸಿಸಿವರೆಗಿನ ಕಾರಿಗೆ ಪ್ರತಿ ಕ್ಲೈಮಿಗೂ 1,000 ನಿಮ್ಮದೇ. ಅದಕ್ಕಿಂತ ದೊಡ್ಡ ಎಂಜಿನ್ ಆದರೆ 2,000. ಸುತ್ತಲಿನ ರಬ್ಬರ್ ಬೀಡಿಂಗ್‌ನಲ್ಲಿ ಅರ್ಧ ಕಡಿತ. ಅಂಟನ್ನು ಕನ್ಸ್ಯೂಮಬಲ್ಸ್ (ಒಮ್ಮೆ ಬಳಸಿದರೆ ಮುಗಿಯುವ ವಸ್ತು) ಅಂತ ತೆಗೆದುಬಿಡುತ್ತಾರೆ, ಅದಕ್ಕೂ ಬೇರೆ ಕವರ್ ಬೇಕು. ಕೊನೆಗೆ ಒಂಬತ್ತು, ಒಂಬತ್ತೂವರೆ ಸಾವಿರ ಬಂದರೆ ಹೆಚ್ಚು.

ಈಗ ಹೋಗುವ ದುಡ್ಡು ನೋಡಿ. ನಿಮ್ಮ ಓನ್ ಡ್ಯಾಮೇಜ್ ಪ್ರೀಮಿಯಂ (ನಿಮ್ಮ ಗಾಡಿಗೇ ಆಗುವ ಹಾನಿಗೆ ಕಟ್ಟುವ ಭಾಗ), ಬೋನಸ್ ಕಳೆಯುವ ಮೊದಲು, 8,000 ಅಂತ ಇಟ್ಟುಕೊಳ್ಳಿ. ಕ್ಲೈಮ್ ಇಲ್ಲದೆ ರಿನ್ಯೂ ಮಾಡಿದರೆ ಬೋನಸ್ 50% ಆಗುತ್ತದೆ, ಅಲ್ಲಿಂದ ವರ್ಷಕ್ಕೆ 4,000 ಕಟ್ಟಿದರೆ ಸಾಕು. ಕ್ಲೈಮ್ ಮಾಡಿದರೆ ಬೋನಸ್ ಸೊನ್ನೆ. ಮೊದಲ ವರ್ಷ ಪೂರ್ತಿ 8,000. ಆಮೇಲೆ ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಬೇಕು. ಅಂದರೆ 6,400, 6,000, 5,200, 4,400. ಪ್ರತಿ ವರ್ಷದ ವ್ಯತ್ಯಾಸ ಕೂಡಿ: 4,000, 2,400, 2,000, 1,200, 400. ಒಟ್ಟು 10,000. ಮೇಲೆ 18% ಜಿಎಸ್‌ಟಿ. 11,800 ಆಯಿತು. ಗಾಡಿ ಹಳೆಯದಾದಂತೆ ಐಡಿವಿ (ವಿಮೆಗೆ ಹಿಡಿಯುವ ಗಾಡಿಯ ಬೆಲೆ) ಇಳಿಯುವುದರಿಂದ ಸ್ವಲ್ಪ ಕಡಿಮೆ ಬರಬಹುದು. ಆದರೂ ಒಂಬತ್ತು ಸಾವಿರ ತಗೊಳ್ಳಲು ಹೋಗಿ ಅದಕ್ಕಿಂತ ಜಾಸ್ತಿ ಕಳೆದುಕೊಳ್ಳುವ ಸಾಧ್ಯತೆಯೇ ಹೆಚ್ಚು. ನಿಮ್ಮ ಪಾಲಿಸಿಯ ಹಾಳೆಯಲ್ಲಿ ಓನ್ ಡ್ಯಾಮೇಜ್ ಎದುರಿನ ಸಂಖ್ಯೆ ತಗೊಂಡು ನೀವೇ ಹಾಕಿ ನೋಡಿ. ಥರ್ಡ್ ಪಾರ್ಟಿ ಪ್ರೀಮಿಯಂ ಸೇರಿಸಬೇಡಿ, ಬೋನಸ್ಸಿಗೂ ಅದಕ್ಕೂ ಸಂಬಂಧವಿಲ್ಲ.

ಇನ್ನೊಂದು ಬಹಳ ಮುಖ್ಯ. ಎನ್‌ಸಿಬಿ ಕಾರಿನದಲ್ಲ, ನಿಮ್ಮದು. ಈ ಸ್ವಿಫ್ಟ್ ಮಾರಿ ಹೊಸ ಕಾರು ತಗೊಂಡರೆ ಆ 50% ಹೊಸ ಕಾರಿನ ಪ್ರೀಮಿಯಂ ಮೇಲೆ ಸಿಗುತ್ತದೆ. ಹೊಸ ಕಾರಿಗೆ ಓನ್ ಡ್ಯಾಮೇಜ್ ದೊಡ್ಡ ಮೊತ್ತ. ಅಲ್ಲಿ ಉಳಿಯುವ ದುಡ್ಡಿನ ಮುಂದೆ ಈ ಗ್ಲಾಸ್ ಏನೂ ಅಲ್ಲ.

ಸಾಗರದವರೇ, ನಿಮ್ಮ ಮಾತು ದೊಡ್ಡ ಅಪಘಾತಕ್ಕೆ ಸರಿ. ಇದಕ್ಕಲ್ಲ.

ಹೊಸನಗರ ತೋಟ

ಅಣ್ಣ ಹೇಳಿದ ಲೆಕ್ಕ ಸ್ವಿಫ್ಟಿಗೆ ಸರಿ. ನಮ್ಮದು ಮುಂದೆ ಕ್ಯಾಮೆರಾ ಇರುವ ಎಸ್‌ಯುವಿ. ಮಳೆಗಾಲದಲ್ಲಿ ಅಂಗಳದಲ್ಲಿ ನಿಲ್ಲಿಸಿದ್ದಾಗ ತೆಂಗಿನ ಹೆಡೆಮಟ್ಟೆ ಬಿದ್ದು ಗ್ಲಾಸ್ ಹೋಯಿತು. ಗ್ಲಾಸ್ ಬದಲಾದ ಮೇಲೆ ಆ ಕ್ಯಾಮೆರಾವನ್ನು ಮತ್ತೆ ಕ್ಯಾಲಿಬ್ರೇಟ್ ಮಾಡಬೇಕು, ಇಲ್ಲವಾದರೆ ತಾನೇ ಬ್ರೇಕ್ ಹಾಕುವ ವ್ಯವಸ್ಥೆಯನ್ನು ನಂಬುವ ಹಾಗಿಲ್ಲ. ಎಲ್ಲ ಸೇರಿ ಅರ್ಧ ಲಕ್ಷ ದಾಟಿತು. ನಾವು ಕ್ಲೈಮ್ ಮಾಡಿದೆವು. ಎನ್‌ಸಿಬಿ ಪ್ರೊಟೆಕ್ಟ್ ಅನ್ನೋ ಕವರ್ ಇತ್ತು, ಬೋನಸ್ ಉಳಿಯಿತು. ಮಳೆಗಾಲ, ಮರ, ಮಂಗ ಎಲ್ಲ ಇರುವ ಊರಲ್ಲಿ ದೊಡ್ಡ ಕಾರಿನವರಿಗೆ ಅದು ಬೇಕೇ ಬೇಕು ಮಾರಾಯ್ರೆ.

ನಿವೃತ್ತ ವಿಮೆ ನೌಕರ, ಶಿವಮೊಗ್ಗ

ನೀವು ಮಾಡಿದ್ದು ಸರಿ. ಗ್ಲಾಸಿನ ಯೋಚನೆಗೆ ಒಂದು ಕವರ್ ತಗೊಳ್ಳೋದಾದರೆ ಅದೇ. ವರ್ಷಕ್ಕೆ ಎಷ್ಟು ಕ್ಲೈಮ್‌ವರೆಗೆ ಬೋನಸ್ ಉಳಿಯುತ್ತದೆ ಅನ್ನೋದು ಕಂಪನಿಯಿಂದ ಕಂಪನಿಗೆ ಬೇರೆ. ಬಾಯಿಮಾತು ನಂಬದೆ ಪಾಲಿಸಿಯಲ್ಲಿ ಬರೆದದ್ದನ್ನು ಓದಿ.

ಗ್ಲಾಸ್ ಕೆಲಸ, ಆಟೋ ಕಾಂಪ್ಲೆಕ್ಸ್

ಮೇಡಂ, ದುಡ್ಡಿನ ವಿಷಯ ಹಿರಿಯರು ಹೇಳಿದ್ದಾರೆ. ನಾನು ಕೆಲಸದ ವಿಷಯ ಹೇಳುತ್ತೇನೆ. 7,000ಕ್ಕೆ ಹಾಕಿಸುವುದು ತಪ್ಪಲ್ಲ, ಆದರೆ ಎಂಥ ಗ್ಲಾಸ್, ಎಂಥ ಅಂಟು ಅಂತ ಕೇಳಿ. ಮೂಲೆಯಲ್ಲಿ ಐಎಸ್‌ಐ ಗುರುತು ಇರಬೇಕು. ಮುಂದಿನದು ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಪದರ ಇರುವ ಲ್ಯಾಮಿನೇಟೆಡ್ ಗ್ಲಾಸೇ ಆಗಬೇಕು. ಅಂಟು ಪಾಲಿಯುರೆಥೇನ್ ಆಗಿರಲಿ. ಬರೀ ಸಿಲಿಕಾನ್ ಹಾಕಿ ಕೂರಿಸುವವರ ಹತ್ತಿರ ಹೋಗಲೇಬೇಡಿ. ಅಪಘಾತ ಆದಾಗ ಪಕ್ಕದ ಸೀಟಿನ ಏರ್‌ಬ್ಯಾಗ್ ಗ್ಲಾಸಿಗೆ ಒತ್ತಿಕೊಂಡು ಉಬ್ಬುತ್ತದೆ. ಗ್ಲಾಸ್ ಕಿತ್ತು ಬಂದರೆ ಏರ್‌ಬ್ಯಾಗ್ ಇದ್ದೂ ಪ್ರಯೋಜನವಿಲ್ಲ.

ನಮ್ಮ ಕಡೆ ಇನ್ನೊಂದು ಗಮನಿಸಬೇಕು. ಹಳೆ ಗ್ಲಾಸ್ ಕುಯ್ಯುವಾಗ ಫ್ರೇಮಿನ ಪೇಂಟ್ ಗೀಚಿದರೆ ಅಲ್ಲೇ ಪ್ರೈಮರ್ ಹಚ್ಚಬೇಕು. ಹಚ್ಚದೆ ಬಿಟ್ಟರೆ ಮಲೆನಾಡಿನ ಮಳೆಗೆ ತುಕ್ಕು ಹಿಡಿದು, ನೀರು ಇಳಿದು ಕಾರ್ಪೆಟ್ ಅಡಿ ನಿಲ್ಲುತ್ತದೆ. ವಾಸನೆ ಬಂದಾಗಲೇ ಗೊತ್ತಾಗೋದು. ಕೆಲಸ ಮುಗಿದ ಮೇಲೆ ಅಂಟು ಹಿಡಿಯಲು ಹೇಳಿದಷ್ಟು ಹೊತ್ತು ಗಾಡಿ ಅಲ್ಲೇ ಬಿಡಿ. ಆ ದಿನ ಕಿಟಕಿ ಒಂಚೂರು ಇಳಿಸಿರಿ, ಬಾಗಿಲು ಜೋರಾಗಿ ಹಾಕಬೇಡಿ, ಒಳಗಿನ ಗಾಳಿ ಹಸಿ ಅಂಟನ್ನು ತಳ್ಳುತ್ತದೆ.

ಬೇರೆಯವರಿಗೂ ಹೇಳುತ್ತೇನೆ. ಕಲ್ಲು ಬಡಿದ ಗುರುತು ನಾಣ್ಯಕ್ಕಿಂತ ಚಿಕ್ಕದಿದ್ದು, ಅಂಚಿಗೆ ಹತ್ತಿರವಿಲ್ಲದೆ, ಡ್ರೈವರ್ ಕಣ್ಣಿನ ನೇರಕ್ಕೆ ಇಲ್ಲದಿದ್ದರೆ ರೆಸಿನ್ ತುಂಬಿ ಸರಿಮಾಡಬಹುದು. ಗ್ಲಾಸ್ ಬದಲಿಸುವ ಖರ್ಚಿನ ಮುಂದೆ ಅದು ಸಣ್ಣ ಖರ್ಚು. ಅಲ್ಲಿವರೆಗೆ ಮೇಲೊಂದು ಪಾರದರ್ಶಕ ಟೇಪ್ ಅಂಟಿಸಿ, ನೀರು ಧೂಳು ಹೋಗದಿರಲಿ. ತಣ್ಣಗಿನ ಗ್ಲಾಸಿಗೆ ಒಮ್ಮೆಲೇ ಬಿಸಿ ಗಾಳಿ ಬೇಡ. ಮೇಡಂ ಗಾಡಿಯ ಸೀಳು ಅಂಚಿಗೆ ಮುಟ್ಟಿದೆ, ಅದು ರಿಪೇರಿ ಆಗುವುದಿಲ್ಲ.

ತೀರ್ಥಹಳ್ಳಿ ಟೀಚರ್

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಾಲಿಸಿ ತೆಗೆದು ನೋಡಿದೆ. ಬೋನಸ್ ಕಳೆಯುವ ಮೊದಲಿನ ಓನ್ ಡ್ಯಾಮೇಜ್ ಎಂಟು ಸಾವಿರಕ್ಕೆ ಹತ್ತಿರವೇ ಇದೆ. ಕ್ಲೈಮ್ ಮಾಡುವುದಿಲ್ಲ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಹೊರಗಡೆಯೇ ಹಾಕಿಸುತ್ತೇನೆ, ಅಂಟು ಯಾವುದು ಅಂತ ಕೇಳಿಯೇ. ಅಂದಹಾಗೆ ಗ್ಲಾಸಿನ ಮೇಲಿರುವ ಫಾಸ್ಟ್‌ಟ್ಯಾಗ್ ಎಂತ ಮಾಡೋದು?

ಗ್ಲಾಸ್ ಕೆಲಸ, ಆಟೋ ಕಾಂಪ್ಲೆಕ್ಸ್

ಅದು ಕಿತ್ತರೆ ಹಾಳಾಗುತ್ತದೆ ಮೇಡಂ, ಬೇರೆ ಗ್ಲಾಸಿಗೆ ಅಂಟಿಸಲು ಬರುವುದಿಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ಈಗಲೇ ಹೇಳಿ ಬದಲಿ ಟ್ಯಾಗ್ ತರಿಸಿಕೊಳ್ಳಿ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಜೊತೆ ಕೊಟ್ಟ ಬಣ್ಣದ ಸ್ಟಿಕ್ಕರ್ ಕೂಡ ಹಳೆ ಗ್ಲಾಸಿನ ಜೊತೆಗೇ ಹೋಗುತ್ತದೆ, ಅದನ್ನೂ ಹೊಸದಾಗಿ ಹಾಕಿಸಬೇಕು.