ಗಾಟಾ-2 ಇಳಿದರೂ ಮಾಸ್ಟ್ ಕೋಶದ ಐಜಿಇ ಗ್ರಾಹಕ ಇಳಿಯುತ್ತಿಲ್ಲ, ಕಾರಣವೇನು?

ಪ್ರಶ್ನೆ (ಧಾರವಾಡ, ಸಂಶೋಧನಾ ವಿದ್ಯಾರ್ಥಿನಿ)

ನಮಸ್ಕಾರ. ಇಲಿಯ ಮೂಳೆಮಜ್ಜೆಯ ಕೋಶಗಳನ್ನು ಐಎಲ್-3 ಮತ್ತು ಎಸ್‌ಸಿಎಫ್ (ಕೋಶಗಳನ್ನು ಬೆಳೆಸುವ ಪ್ರೋಟೀನ್‌ಗಳು) ಬೆರೆಸಿದ ಮಾಧ್ಯಮದಲ್ಲಿ ಐದು ವಾರ ಬೆಳೆಸಿ, ಅಲರ್ಜಿಯಲ್ಲಿ ಪಾಲ್ಗೊಳ್ಳುವ ಮಾಸ್ಟ್ ಕೋಶಗಳನ್ನು ಪಡೆದಿದ್ದೇನೆ. ಟೊಲುಯಿಡಿನ್ ನೀಲಿ ಬಣ್ಣ ಹಾಕಿ ನೋಡಿದರೆ ಕೋಶದ ತುಂಬ ಕಣಗಳು ನೀಲಿಯಾಗಿರದೆ ಕೆನ್ನೇರಳೆಯಾಗಿ ಕಾಣುತ್ತವೆ, ಅದು ಮಾಸ್ಟ್ ಕೋಶದ ಲಕ್ಷಣ. ಹಾಗಾಗಿ ಕೋಶಗಳ ಗುರುತಿನ ಬಗ್ಗೆ ನನಗೆ ಸಂಶಯವಿಲ್ಲ. ಎಸ್‌ಐಆರ್‌ಎನ್‌ಎ (ಆಯ್ದ ಜೀನಿನ ಉತ್ಪನ್ನವನ್ನು ತಗ್ಗಿಸುವ ಚಿಕ್ಕ ಆರ್‌ಎನ್‌ಎ) ಕೊಟ್ಟು, ಜೀನ್‌ಗಳನ್ನು ನಿಯಂತ್ರಿಸುವ ಪ್ರೋಟೀನ್ ಆದ ಗಾಟಾ-2 ತಗ್ಗಿಸಿದ 48 ಗಂಟೆಗಳಲ್ಲಿ, ಅಲರ್ಜಿಯ ಪ್ರತಿಕಾಯವಾದ ಐಜಿಇಯನ್ನು ಹಿಡಿಯುವ ಗ್ರಾಹಕದ ಆಲ್ಫಾ ಘಟಕದ ಎಂಆರ್‌ಎನ್‌ಎ (ಪ್ರೋಟೀನ್ ತಯಾರಿಕೆಗೆ ಜೀನಿನಿಂದ ಬರುವ ಪ್ರತಿ) ಅರ್ಧಕ್ಕಿಂತ ಕೆಳಗೆ ಬಂದಿದೆ. ಆದರೆ ಒಂದೊಂದೇ ಕೋಶವನ್ನು ಅಳೆಯುವ ಫ್ಲೋ ಸೈಟೋಮೆಟ್ರಿಯಲ್ಲಿ ನೋಡಿದರೆ ಕೋಶದ ಮೇಲಿರುವ ಗ್ರಾಹಕದ ಪ್ರಮಾಣ ಕದಲಿಲ್ಲ. ಮಳೆಗೆ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ನಿಂತ ದಿನದ ಫಲಿತಾಂಶವನ್ನು ಕೈಬಿಟ್ಟ ಮೇಲೂ ಮೂರು ಬಾರಿ ಇದೇ ಬಂದಿದೆ. ಗಾಟಾ-2 ಆಲ್ಫಾ ಘಟಕದ ಜೀನನ್ನು ನಿಯಂತ್ರಿಸುತ್ತದೆ ಎಂಬ ನನ್ನ ತಿಳಿವಳಿಕೆಯೇ ತಪ್ಪೇ?

ಉತ್ತರ (ಹುಬ್ಬಳ್ಳಿ)

ತಮ್ಮ ತಿಳಿವಳಿಕೆ ಸರಿಯಾಗಿದೆ. ಒಂದು ಮಾತು ಕೇಳುತ್ತೇನೆ: ಕೋಶಗಳಿಗೆ ಐಜಿಇಯನ್ನು ಯಾವಾಗ ಸೇರಿಸಿದಿರಿ?

ಪ್ರಶ್ನಿಸಿದವರು

ಎಸ್‌ಐಆರ್‌ಎನ್‌ಎ ಕೊಟ್ಟ ದಿನ ಸಂಜೆಯೇ ಸೇರಿಸಿದೆ, ಸರ್. ಮುಂದೆ ಪ್ರತಿಜನಕ (ಐಜಿಇ ಗುರುತಿಸುವ ವಸ್ತು) ಕೊಟ್ಟು ಪರೀಕ್ಷಿಸುವುದಿತ್ತು.

ಉತ್ತರ (ಹುಬ್ಬಳ್ಳಿ)

ತೊಡಕು ಅಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಗಾಟಾ-2, ಪಿಯು.1 ಮುಂತಾದ ಟ್ರಾನ್ಸ್‌ಕ್ರಿಪ್ಷನ್ ಫ್ಯಾಕ್ಟರ್‌ಗಳು ಡಿಎನ್‌ಎ ಮೇಲೆ ಕೂತು ಆಲ್ಫಾ ಘಟಕದ ಹೊಸ ಎಂಆರ್‌ಎನ್‌ಎ ಎಷ್ಟು ತಯಾರಾಗಬೇಕು ಎಂಬುದನ್ನು ನಿರ್ಧರಿಸುತ್ತವೆಯೇ ಹೊರತು, ಈಗಾಗಲೇ ತಯಾರಾಗಿ ಕೋಶಪೊರೆಯ ಮೇಲೆ ನಿಂತಿರುವ ಗ್ರಾಹಕವನ್ನು ಅವು ಮುಟ್ಟುವುದಿಲ್ಲ. ಖಾಲಿ ಗ್ರಾಹಕ ಕ್ರಮೇಣ ಕೋಶದ ಒಳಗೆ ಹೋಗಿ ನಾಶವಾಗುತ್ತದೆ. ಐಜಿಇ ಬಂದು ಕೂತ ಗ್ರಾಹಕವಾದರೋ ಬಹುಕಾಲ ಮೇಲೆಯೇ ಉಳಿಯುತ್ತದೆ. ತಾವು ಒಂದು ಕಡೆ ಉತ್ಪಾದನೆಯನ್ನು ತಗ್ಗಿಸಿ, ಅದೇ ಸಂಜೆ ಹಳೆಯ ದಾಸ್ತಾನಿಗೆ ಬೀಗ ಹಾಕಿದ್ದೀರಿ.

ಗಾಟಾ-2ರ ಬಂಧುವಾದ ಗಾಟಾ-1 ಕೂಡ ಅದೇ ಬಗೆಯ ಡಿಎನ್‌ಎ ಅನುಕ್ರಮಕ್ಕೆ ಅಂಟಿಕೊಳ್ಳುವುದರಿಂದ ಅದು ಗಾಟಾ-2ರ ಸ್ಥಾನ ತುಂಬಿತೇ ಎಂಬ ಶಂಕೆ ಸಹಜ. ಆದರೆ ಹಾಗಾಗಿದ್ದರೆ ಎಂಆರ್‌ಎನ್‌ಎ ಇಷ್ಟು ಇಳಿಯುತ್ತಿರಲಿಲ್ಲ. ಆದ್ದರಿಂದ ಎಸ್‌ಐಆರ್‌ಎನ್‌ಎ ಬದಲಿಸಲು ಹೋಗಬೇಡಿ, ಹಣ ವ್ಯರ್ಥ. ಒಂದೇ ಕೋಶಸಮೂಹವನ್ನು ಎರಡು ಪಾಲು ಮಾಡಿ, ಒಂದಕ್ಕೆ ಮಾತ್ರ ಐಜಿಇ ಹಾಕಿ, 24, 48 ಮತ್ತು 72 ಗಂಟೆಗಳಿಗೆ ಅಳೆಯಿರಿ. ಗಾಟಾ-2ಕ್ಕೆ ಸಂಬಂಧವಿಲ್ಲದ ಎಸ್‌ಐಆರ್‌ಎನ್‌ಎ ಕೊಟ್ಟ ಕೋಶಗಳೂ ಎರಡೂ ಪಾಲಿನಲ್ಲಿರಲಿ.

ಪ್ರಶ್ನಿಸಿದವರು

ತಾವು ಹೇಳಿದಂತೆ ಮಾಡಿದೆ. ಐಜಿಇ ಇಲ್ಲದ ಪಾಲಿನಲ್ಲಿ 48 ಗಂಟೆಗೆ ಫ್ಲೋ ನಕ್ಷೆಯಲ್ಲಿ ಗ್ರಾಹಕದ ಶಿಖರ ಎಡಕ್ಕೆ ಸರಿಯತೊಡಗಿತು, ಅಂದರೆ ಗ್ರಾಹಕ ಕಡಿಮೆಯಾಗತೊಡಗಿತು, 72ಕ್ಕೆ ಸ್ಪಷ್ಟವಾಗಿ ಬೇರೆಯಾಯಿತು. ಐಜಿಇ ಹಾಕಿದ ಪಾಲು ನಿಂತಲ್ಲೇ ನಿಂತಿದೆ. ಇನ್ನು ಮುಂದೆ ಐಜಿಇಯನ್ನು ಮೂರನೆಯ ದಿನದ ಅಳತೆ ಮುಗಿದ ಮೇಲೆಯೇ ಸೇರಿಸುತ್ತೇನೆ.