ಅಪ್‌ಡೇಟ್: ಒಬ್ಬರ ಚಾರಣಕ್ಕೆ ಕೊನೆಗೆ ಟಾರ್ಪೇ ಸೈ

ಘಟ್ಟದ ಮಳೆ, ಇಂಬಳ ಎರಡನ್ನೂ ತಡೆಯುವ, ಒಂದು ಕಿಲೋ ಮೀರದ ಒಬ್ಬರ ಟೆಂಟ್ ಯಾವುದು ಅಂತ ಕೇಳಿದ್ದೆ. ಕೆಲಸಕ್ಕೆ ಬಂದದ್ದು "ಟಾರ್ಪ್ ಜೊತೆ ಒಳಬಲೆ" ಸಲಹೆ, ಅಂದರೆ ಮೇಲೆ ಮಳೆ ತಡೆಯುವ ಹಾಳೆ, ಅದರಡಿ ಬಲೆ: 3×3 ಮೀಟರ್ ಸಿಲ್‌ಪಾಲಿ (ಸಿಲಿಕೋನ್ ಲೇಪದ ಪಾಲಿಯೆಸ್ಟರ್) ಟಾರ್ಪ್, ತಳ ಹೊಲಿದ ಸೊಳ್ಳೆಬಲೆ, 6 ಗೂಟ, ಹಗ್ಗ ಸೇರಿ ಸುಮಾರು 950 ಗ್ರಾಂ. ಕಂಬಕ್ಕೆ ಎರಡು ಟ್ರೆಕಿಂಗ್ ಕೋಲು, 120 ಸೆಂ.ಮೀ. ಎತ್ತರಕ್ಕೆ.

ಒಂದೇ ಪದರದ ಟೆಂಟ್ ಆಗಿಬರಲಿಲ್ಲ. ತೇವದ ಗಾಳಿಯಲ್ಲಿ ಬಾಗಿಲು ತೆರೆದಿಟ್ಟರೂ ಒಳಗೋಡೆ ಬೆವರಿ ಸ್ಲೀಪಿಂಗ್ ಬ್ಯಾಗಿನ ಕಾಲ್ತುದಿ ಒದ್ದೆ. ಹ್ಯಾಮಕ್ ಚೆನ್ನ, ಆದರೆ ಶೋಲಾ ಕಾಡು ದಾಟಿ ಹುಲ್ಲುಗಾವಲಿಗೆ ಬಂದರೆ ಕಟ್ಟಲು ಮರ ಬೇಕಲ್ಲ!

ಹೊಸದಾಗಿ ತಿಳಿದದ್ದು: ಸಿಲ್‌ನೈಲಾನ್ (ಸಿಲಿಕೋನ್ ಲೇಪದ ನೈಲಾನ್) ನೆನೆದರೆ ಹಿಗ್ಗುತ್ತದೆ, ರಾತ್ರಿ ಎದ್ದು ಹಗ್ಗ ಬಿಗಿಯಬೇಕು, ಪಾಲಿಯೆಸ್ಟರ್‌ಗೆ ಆ ಕಾಟ ಕಡಿಮೆ. ಗಾಳಿ ಬೀಸುವ ಕಡೆಯ ಅಂಚು ನೆಲಕ್ಕೆ ತಾಗಲಿ, ಎದುರು ಬದಿ ಒಂದು ಗೇಣು ಎತ್ತರವಿರಲಿ. ಬಲೆಯ ಜಿಪ್ ಪೂರ್ತಿ ಎಳೆಯಿರಿ, ಇಂಬಳಕ್ಕೆ ಮೂಲೆಯ ಸಂದೇ ಸಾಕು.